ಎಂಜಿನ್ ಆಯಿಲ್‌ಗೆ ಅಡಿಟಿವ್ ಬೇಕಾ? ಯಾವ ಕಾರಿಗೆ ಯಾವ ದಾರಿ

ಕಾರು ಸರ್ವಿಸ್‌ಗೆ ಕೊಟ್ಟಾಗ ಬಹಳ ಜನರಿಗೆ ಎದುರಾಗುವ ಪ್ರಶ್ನೆ ಇದು. ಆಯಿಲ್ ಬದಲಾಯಿಸುವಾಗ ಜೊತೆಗೆ ಒಂದು ಸಣ್ಣ ಬಾಟಲಿ ಅಡಿಟಿವ್ ಕೂಡ ಸುರಿಸೋಣವೇ? ಸವೆತ ನಿಲ್ಲುತ್ತದೆ, ಸದ್ದು ಇಳಿಯುತ್ತದೆ, ಮೈಲೇಜ್ ಏರುತ್ತದೆ ಎಂದೆಲ್ಲ ಅದರ ಮೇಲೆ ಬರೆದಿರುತ್ತದೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಖರ್ಚಿನ ಮುಂದೆ ಆ ಬಾಟಲಿ ಅಗ್ಗ ಅನ್ನಿಸುತ್ತದೆ, ಅಲ್ವಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಓಡುತ್ತಿರುವ ಎಂಜಿನ್‌ಗೆ, ಕಾರು ತಯಾರಕರು ಹೇಳಿದ ಆಯಿಲನ್ನೇ ಹಾಕಿ ಹೊತ್ತಿಗೆ ಸರಿಯಾಗಿ ಬದಲಾಯಿಸುತ್ತಿದ್ದರೆ, ಬೇರೆ ಅಡಿಟಿವ್ ಬೇಕಿಲ್ಲ. ಕೆಲವು ತೊಂದರೆಗಳಿಗೆ ಕೆಲವು ಬಾಟಲಿಗಳು ನಿಜಕ್ಕೂ ಸ್ವಲ್ಪ ಕೆಲಸ ಮಾಡುತ್ತವೆ. ಆದರೆ ಅಲ್ಲೂ ಬಹಳ ಸಲ ಅದಕ್ಕಿಂತ ಒಳ್ಳೆಯ ದಾರಿ ಇರುತ್ತದೆ. ಹಾಗಾಗಿ ಇಲ್ಲಿ ಬಾಟಲಿಗೂ ಬಾಟಲಿಗೂ ಹೋಲಿಕೆ ಮಾಡುವುದಕ್ಕಿಂತ, ಅಡಿಟಿವ್, ಎಂಜಿನ್ ಫ್ಲಶ್ (ಎಂಜಿನ್ ಒಳಗನ್ನು ತೊಳೆಯುವ ದ್ರವ), ಹಳೆಯ ಎಂಜಿನ್‌ಗೆಂದೇ ಮಾಡಿದ ಆಯಿಲ್, ಬೇಗ ಬೇಗ ಆಯಿಲ್ ಬದಲಾವಣೆ, ಸಣ್ಣ ರಿಪೇರಿ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ್ದೇನೆ.

ಆಯಿಲ್‌ನಲ್ಲೇ ಇರುವ ಅಡಿಟಿವ್‌ಗಳು

ನೀವು ಕೊಳ್ಳುವ ಎಂಜಿನ್ ಆಯಿಲ್ ಬರೀ ಎಣ್ಣೆಯಲ್ಲ. ಅದರಲ್ಲಿ ಸುಮಾರು ಮುಕ್ಕಾಲು ಪಾಲೋ ಅದಕ್ಕಿಂತ ಜಾಸ್ತಿಯೋ ಬೇಸ್ ಆಯಿಲ್. ಉಳಿದದ್ದು, ಅಂದರೆ ಶೇ 10ರಿಂದ 25ರಷ್ಟು, ಅಡಿಟಿವ್‌ಗಳೇ.

ಡಿಟರ್ಜೆಂಟ್ ಇರುತ್ತದೆ. ಇವು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸೇರಿದ ರಾಸಾಯನಿಕಗಳು. ಪಿಸ್ಟನ್ ಸುತ್ತ ಕರಕು ಕಟ್ಟದಂತೆ ನೋಡಿಕೊಳ್ಳುತ್ತವೆ, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನೂ ಮಟ್ಟ ಹಾಕುತ್ತವೆ. ಡಿಸ್ಪರ್ಸೆಂಟ್ ಇರುತ್ತದೆ. ಇದು ಮಸಿಯ ಕಣಗಳು ಒಂದಕ್ಕೊಂದು ಅಂಟಿ ಮಡ್ಡಿಯಾಗದಂತೆ ಅವನ್ನು ಎಣ್ಣೆಯಲ್ಲೇ ತೇಲಾಡಿಸುತ್ತದೆ. ಆಯಿಲ್ ಬೇಗ ಕಪ್ಪಾಯಿತು ಎಂದು ಎಷ್ಟೋ ಜನ ಗಾಬರಿಯಾಗುತ್ತಾರೆ. ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದಲ್ಲ, ಡಿಸ್ಪರ್ಸೆಂಟ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇವುಗಳ ಜೊತೆಗೆ ನೊರೆ ತಡೆಯುವುದು, ಶಾಖಕ್ಕೆ ಎಣ್ಣೆ ಹಳಸದಂತೆ ಕಾಯುವುದು, ತುಕ್ಕು ತಡೆಯುವುದು, ಚಳಿಯಲ್ಲೂ ಬಿಸಿಯಲ್ಲೂ ಗಟ್ಟಿತನ ಹದವಾಗಿರುವಂತೆ ಮಾಡುವ ಉದ್ದನೆಯ ಪಾಲಿಮರ್‌ಗಳು ಎಲ್ಲವೂ ಇರುತ್ತವೆ.

ಸವೆತ ತಡೆಯುವ ವಿಷಯದಲ್ಲಿ ಮುಖ್ಯವಾದದ್ದು ಝೆಡ್‌ಡಿಡಿಪಿ. ಸತು, ರಂಜಕ, ಗಂಧಕ ಸೇರಿದ ರಾಸಾಯನಿಕ ಇದು. 1940ರ ದಶಕದಿಂದಲೂ ಬಳಕೆಯಲ್ಲಿದೆ. ಲೋಹಕ್ಕೆ ಲೋಹ ಉಜ್ಜುವ ಜಾಗದಲ್ಲಿ, ಅಲ್ಲಿನ ಬಿಸಿ ಮತ್ತು ಒತ್ತಡದಲ್ಲೇ ಇದು ಒಡೆದು ಗಾಜಿನಂಥ ತೆಳ್ಳನೆಯ ಪದರ ಕಟ್ಟುತ್ತದೆ. ದಪ್ಪ ಸುಮಾರು 100 ನ್ಯಾನೊಮೀಟರ್ ಅಷ್ಟೆ. ಉಜ್ಜಾಟದಲ್ಲಿ ಈ ಪದರ ಸವೆಯುತ್ತದೆ, ಲೋಹ ಉಳಿಯುತ್ತದೆ, ಪದರ ಮತ್ತೆ ಹುಟ್ಟುತ್ತದೆ. ಅಂದರೆ ಅಡಿಟಿವ್ ಬಾಟಲಿ ಕೊಡುತ್ತೇನೆ ಎನ್ನುವ ರಕ್ಷಾ ಪದರ ನಿಮ್ಮ ಎಂಜಿನ್‌ನಲ್ಲಿ ಈಗಾಗಲೇ ಇದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಝೆಡ್‌ಡಿಡಿಪಿ, ಡಿಟರ್ಜೆಂಟ್, ಘರ್ಷಣೆ ಇಳಿಸುವ ಮಾಲಿಬ್ಡಿನಂ ಸಂಯುಕ್ತ ಎಲ್ಲವೂ ಅದೇ ಲೋಹದ ಮೇಲ್ಮೈಗೆ ಅಂಟಿಕೊಳ್ಳಲು ಪೈಪೋಟಿ ನಡೆಸುತ್ತವೆ. ಒಂದು ಜಾಸ್ತಿಯಾದರೆ ಇನ್ನೊಂದಕ್ಕೆ ಜಾಗ ಸಿಗುವುದಿಲ್ಲ. ಆಯಿಲ್ ತಯಾರಕರು ಈ ಹದವನ್ನು ನಿಜವಾದ ಎಂಜಿನ್‌ಗಳಲ್ಲಿ ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿರುತ್ತಾರೆ. ಡಬ್ಬದ ಮೇಲೆ ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ, ಎಸ್‌ಪಿ ದರ್ಜೆ ಎಂದು ಬರೆದಿದ್ದರೆ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬು) ಸವೆತ, ಮಡ್ಡಿ, ಟೈಮಿಂಗ್ ಚೈನ್ ಸವೆತ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಎಂಜಿನ್ ಪರೀಕ್ಷೆಗಳನ್ನು ಆ ಆಯಿಲ್ ದಾಟಿದೆ ಎಂದರ್ಥ. ನೀವು 4 ಲೀಟರ್ ಆಯಿಲ್‌ಗೆ 300 ಮಿಲಿಲೀಟರ್ ಬಾಟಲಿ ಸುರಿದರೆ ಎಂಜಿನ್‌ನಲ್ಲಿ ಇರುವುದರ ಶೇ 7ರಷ್ಟು ಹೊಸ ಪದಾರ್ಥವಾಗುತ್ತದೆ. ಆ ಮಿಶ್ರಣವನ್ನು ಯಾರೂ ಪರೀಕ್ಷಿಸಿಲ್ಲ. ಎಪಿಐ ಪರವಾನಗಿ ಕೊಡುವುದು ಆಯಿಲ್‌ಗಳಿಗೆ. ಹೊರಗಿನಿಂದ ಸೇರಿಸುವ ಅಡಿಟಿವ್‌ಗಳಿಗೆ ಕೊಡುವುದಿಲ್ಲ.

ಎಂಜಿನ್ ಒಳಗೆ ಸವೆತ ಎಲ್ಲಿ ಆಗುತ್ತದೆ

ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ತಿರುಗುವಾಗ ಅದು ಬೇರಿಂಗ್‌ಗೆ ತಾಗುವುದೇ ಇಲ್ಲ. ಮಳೆಯಲ್ಲಿ ಜೋರಾಗಿ ಹೋಗುವ ಟೈರ್ ನೀರಿನ ಮೇಲೆ ತೇಲುವ ಹಾಗೆ, ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಬ್ರಿಟನ್ನಿನ ಎಂಜಿನಿಯರ್ ಆಸ್ಬೋರ್ನ್ ರೆನಾಲ್ಡ್ಸ್ ಇದರ ಲೆಕ್ಕವನ್ನು 1886ರಲ್ಲೇ ಬರೆದಿಟ್ಟಿದ್ದಾರೆ. ಈ ಜಾಗದಲ್ಲಿ ಕಾಪಾಡುವುದು ಎಣ್ಣೆಯ ಗಟ್ಟಿತನ ಮತ್ತು ಹರಿವು. ಎಷ್ಟೇ ಜಾರುವ ಪುಡಿ ಬೆರೆಸಿದರೂ ತಾಗದ ಎರಡು ಲೋಹಗಳ ನಡುವೆ ಅದಕ್ಕೆ ಕೆಲಸವೇ ಇಲ್ಲ.

ಲೋಹಕ್ಕೆ ಲೋಹ ತಾಗುವುದು ಕೆಲವೇ ಕಡೆ. ಕ್ಯಾಮ್ ಮತ್ತು ಅದು ಒತ್ತುವ ಟ್ಯಾಪೆಟ್ ಎಂಬ ಭಾಗ ಸೇರುವಲ್ಲಿ, ಟೈಮಿಂಗ್ ಚೈನ್‌ನ ಕೊಂಡಿಗಳಲ್ಲಿ, ಪಿಸ್ಟನ್ ಮೇಲೆ ಹೋಗಿ ಒಂದು ಗಳಿಗೆ ನಿಂತು ಕೆಳಗೆ ತಿರುಗುವಾಗ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಒತ್ತುವಲ್ಲಿ. ಆಗತಾನೇ ಸ್ಟಾರ್ಟ್ ಮಾಡಿದಾಗಲೂ ಒಂದೆರಡು ಕ್ಷಣ ಹೀಗಾಗುತ್ತದೆ. ಅಡಿಟಿವ್ ಮಾರುವವರು ಈ ಸ್ಟಾರ್ಟಿಂಗ್ ವಿಷಯವನ್ನೇ ಹಿಡಿದು ಹೆದರಿಸುತ್ತಾರೆ. ಸ್ಟಾರ್ಟ್ ಮಾಡಿದ ಹೊತ್ತಿನಲ್ಲಿ ಸವೆತ ಇರುವುದು ನಿಜ. ಆದರೆ ಎಂಜಿನ್ ನಿಂತರೂ ಎಣ್ಣೆ ಪೂರ್ತಿ ಇಳಿದುಹೋಗುವುದಿಲ್ಲ, ತೆಳುವಾಗಿ ಅಂಟಿಕೊಂಡಿರುತ್ತದೆ. ಝೆಡ್‌ಡಿಡಿಪಿ ಪದರವಂತೂ ಲೋಹದ ಮೇಲೆ ಹಾಗೇ ಇರುತ್ತದೆ. ತಣ್ಣಗಿನ ಎಂಜಿನ್‌ಗೆ ನಿಜವಾಗಿ ಬೇಕಾದದ್ದು ಬೇಗ ಹರಿಯುವ ಆಯಿಲ್. ಡಬ್ಬದ ಮೇಲೆ ಡಬ್ಲ್ಯುಗೆ ಮುಂಚೆ ಬರೆದ 0 ಅಥವಾ 5 ಎಂಬ ಅಂಕಿ ಅದನ್ನೇ ಹೇಳುತ್ತದೆ.

ಬಾಟಲಿಗಳಲ್ಲಿ ಎಷ್ಟು ಬಗೆ

ಅಡಿಟಿವ್ ಎಂಬ ಒಂದೇ ಹೆಸರಿನಲ್ಲಿ ಪೂರಾ ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಒಂದರ ಗುಣ ನೋಡಿ ಇನ್ನೊಂದನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು.

ಮೊದಲಿಗೆ ಎಣ್ಣೆಯನ್ನು ಗಟ್ಟಿ ಮಾಡುವವು. ಜೇನಿನಂತೆ ನಿಧಾನ ಸುರಿಯುವ ಬಾಟಲಿಗಳು ಇವೇ. ಒಳಗಿರುವುದು ಬಹುಪಾಲು ಪಾಲಿಮರ್ ಮತ್ತು ದಪ್ಪ ಎಣ್ಣೆ. ಸವೆದ ಎಂಜಿನ್‌ನಲ್ಲಿ ಸಂದು ದೊಡ್ಡದಾಗಿರುತ್ತದೆ. ಎಣ್ಣೆ ದಪ್ಪವಾದರೆ ಸದ್ದು ಇಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ಆಯಿಲ್ ಪ್ರೆಶರ್ ಏರುತ್ತದೆ. ಇದು ಕಣ್ಣಿಗೆ ಕಾಣುವ ಫಲ, ಸುಳ್ಳಲ್ಲ. ಆದರೆ ಆದದ್ದಿಷ್ಟೇ: ನಿಮ್ಮ ಆಯಿಲ್‌ನ ದರ್ಜೆ ಬದಲಾಯಿತು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ದರ್ಜೆಯ (5ಡಬ್ಲ್ಯು-30ರಲ್ಲಿ ಕೊನೆಗೆ ಬರುವ ಅಂಕಿ) ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ಗಟ್ಟಿತನದ ಅಳತೆ) ಒಳಗಿರಬೇಕು. ಅದಕ್ಕಿಂತ ಮೇಲೆ 16.3ರವರೆಗೆ 40ರ ದರ್ಜೆ. ಬಾಟಲಿ ಸುರಿದು 30ನ್ನು 40ರತ್ತ ತಳ್ಳುವುದಕ್ಕಿಂತ, ಮ್ಯಾನ್ಯುಯಲ್‌ನಲ್ಲಿ ಒಪ್ಪಿಗೆ ಇದ್ದರೆ 40ರ ಆಯಿಲನ್ನೇ ಹಾಕುವುದು ಒಳ್ಳೆಯದು. ಅದರಲ್ಲಿ ಡಿಟರ್ಜೆಂಟ್, ಝೆಡ್‌ಡಿಡಿಪಿ ಎಲ್ಲ ಪೂರ್ಣ ಪ್ರಮಾಣದಲ್ಲಿರುತ್ತದೆ. ಬಾಟಲಿ ಸುರಿದಾಗ ಅವೆಲ್ಲ ಅಷ್ಟರ ಮಟ್ಟಿಗೆ ತೆಳುವಾಗುತ್ತವೆ. ಇನ್ನು 0ಡಬ್ಲ್ಯು-20 ಬೇಡುವ ಇತ್ತೀಚಿನ ಎಂಜಿನ್‌ಗೆ ಇಂಥದ್ದನ್ನು ಹಾಕಲೇಬಾರದು. ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಅವುಗಳ ಕಿರಿದಾದ ದಾರಿಗಳಿಗೆ ತೆಳ್ಳಗಿನ ಎಣ್ಣೆಯೇ ಬೇಕು.

ಎರಡನೆಯದು ಮಾಲಿಬ್ಡಿನಂ. ಇದರಲ್ಲೇ ಎರಡು ಬಗೆ. ಒಂದು, ಮಾಲಿಬ್ಡಿನಂ ಡೈಸಲ್ಫೈಡ್‌ನ ನುಣ್ಣನೆಯ ಕಪ್ಪು ಪುಡಿ ಎಣ್ಣೆಯಲ್ಲಿ ತೇಲುವುದು. ಇನ್ನೊಂದು, ಎಣ್ಣೆಯಲ್ಲಿ ಪೂರ್ತಿ ಕರಗಿ ಉಜ್ಜುವ ಜಾಗದಲ್ಲಿ ಮಾತ್ರ ಡೈಸಲ್ಫೈಡ್‌ನ ಪದರ ಕಟ್ಟುವುದು. ಡೈಸಲ್ಫೈಡ್ ನಿಜವಾಗಿಯೂ ಒಳ್ಳೆಯ ಘನ ಲೂಬ್ರಿಕಂಟ್. ಚಕ್ರಗಳಿಗೆ ಶಕ್ತಿ ಸಾಗಿಸುವ ಸಿವಿ ಜಾಯಿಂಟ್‌ನ ಗ್ರೀಸ್‌ನಲ್ಲಿ ಇದೇ ಇರುತ್ತದೆ. ಹಾಗಾಗಿ ಎಲ್ಲ ಅಡಿಟಿವ್‌ಗಳ ಪೈಕಿ ವಿಜ್ಞಾನದ ಆಧಾರ ಗಟ್ಟಿಯಾಗಿರುವುದು ಇದಕ್ಕೇ ಎಂದು ಹೇಳಬಲ್ಲೆ. ಆದರೆ ಕರಗುವ ಮಾಲಿಬ್ಡಿನಂ ಅನ್ನು ಎಷ್ಟೋ ಆಯಿಲ್ ಕಂಪನಿಗಳು ಡಬ್ಬದಲ್ಲೇ ಹಾಕಿರುತ್ತವೆ. ನೀವು ಮತ್ತೆ ಹಾಕಿದರೆ ಸಿಗುವ ಲಾಭ ಅತ್ಯಲ್ಪ. ಇಲ್ಲೊಂದು ಎಚ್ಚರಿಕೆ: ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಮೋಟಾರ್‌ಸೈಕಲ್‌ಗಳಿಗೆ ಘರ್ಷಣೆ ಇಳಿಸುವ ಯಾವ ಬಾಟಲಿಯೂ ಬೇಡ. ಕ್ಲಚ್ ಜಾರಲು ಶುರುವಾಗುತ್ತದೆ. ಮೋಟಾರ್‌ಸೈಕಲ್ ಆಯಿಲ್ ಡಬ್ಬದ ಮೇಲೆ ಜಾಸೊ ಎಂಎ (ಜಪಾನಿನ ಒಂದು ಮಾನಕ) ಎಂಬ ಗುರುತು ಇರುವುದೇ ಇದಕ್ಕಾಗಿ.

ಮೂರನೆಯದು ಪಿಟಿಎಫ್‌ಇ. ಅಂಟದ ಬಾಣಲೆಯ ಮೇಲಿರುವ ಅದೇ ವಸ್ತು. ಬಾಣಲೆಗೆ ಇದನ್ನು ಹಿಡಿಸಬೇಕಾದರೆ ಲೋಹವನ್ನು ಶುದ್ಧ ಮಾಡಿ, ಉರುಟು ಮಾಡಿ, 300 ಡಿಗ್ರಿಗೂ ಮೇಲೆ ಬೇಯಿಸಬೇಕು. ಎಣ್ಣೆ ಹರಿಯುವ ಎಂಜಿನ್ ಒಳಗೆ ಆ ಪರಿಸ್ಥಿತಿ ಎಲ್ಲಿ ಬರಬೇಕು? ಕಣಗಳು ಸುಮ್ನೆ ತೇಲುತ್ತ ಫಿಲ್ಟರ್ ಸೇರುತ್ತವೆ. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ.

ನಾಲ್ಕನೆಯದು ಕ್ಲೋರಿನ್ ಇರುವ ಪ್ಯಾರಾಫಿನ್. ಲೋಹ ಕತ್ತರಿಸುವ ಕಾರ್ಖಾನೆಗಳಲ್ಲಿ ವಿಪರೀತ ಒತ್ತಡ ತಡೆಯಲು ಬಳಸುವ ವಸ್ತು. ಎಂಜಿನ್‌ನ ಬಿಸಿ ಮತ್ತು ತೇವದಲ್ಲಿ ಇದು ಹೈಡ್ರೋಕ್ಲೋರಿಕ್ ಆಮ್ಲ ಬಿಡಬಲ್ಲದು. ಬೇರಿಂಗ್‌ನ ಮೆದು ಲೋಹವನ್ನು ಆ ಆಮ್ಲ ತಿನ್ನುತ್ತದೆ. ನನ್ನ ಪಟ್ಟಿಯಲ್ಲಿ ಅತಿ ಅಪಾಯಕಾರಿ ಇದೇ. ತೊಂದರೆ ಏನೆಂದರೆ ಬಾಟಲಿಯ ಮೇಲೆ ಇದರ ಹೆಸರು ದಪ್ಪ ಅಕ್ಷರದಲ್ಲಿ ಇರುವುದಿಲ್ಲ. ಕಂಪನಿ ಪ್ರಕಟಿಸುವ ಸುರಕ್ಷತಾ ಮಾಹಿತಿ ಪತ್ರದಲ್ಲಿ ಕ್ಲೋರೊ ಎಂದು ಶುರುವಾಗುವ ಹೆಸರು ಹುಡುಕಬೇಕು.

ಸೆರಾಮಿಕ್, ನ್ಯಾನೊ ಎಂದೆಲ್ಲ ಬರುವವು ಹೆಚ್ಚಾಗಿ ಬೋರಾನ್ ನೈಟ್ರೈಡ್‌ನಂಥ ಕಣಗಳು. ಇವುಗಳಿಗೂ ಮೊದಲು ಹೇಳಿದ್ದೇ ಅನ್ವಯ: ತಾಗದ ಲೋಹಕ್ಕೆ ಕಣ ಬೇಕಿಲ್ಲ, ತಾಗುವಲ್ಲಿ ಝೆಡ್‌ಡಿಡಿಪಿ ಇದೆ.

ಮೇಜಿನ ಮೇಲಿನ ಯಂತ್ರ

ಅಡಿಟಿವ್ ಮಾರಾಟದಲ್ಲಿ ಪದೇ ಪದೇ ಕಾಣುವ ಒಂದು ಪ್ರಾತ್ಯಕ್ಷಿಕೆ ಇದೆ. ಮೇಜಿನ ಮೇಲೆ ಸಣ್ಣ ಮೋಟಾರ್. ಅದರ ತುದಿಯಲ್ಲಿ ತಿರುಗುವ ಉಕ್ಕಿನ ಉಂಗುರ, ಅದರ ತಳ ಆಯಿಲ್ ತಟ್ಟೆಯಲ್ಲಿ ಮುಳುಗಿರುತ್ತದೆ. ಉದ್ದನೆಯ ಸನ್ನೆಗೋಲಿನಿಂದ ಒಂದು ಬೇರಿಂಗ್ ಉರುಳೆಯನ್ನು ಆ ಉಂಗುರಕ್ಕೆ ಒತ್ತುತ್ತಾರೆ. ಬರೀ ಆಯಿಲ್ ಇದ್ದಾಗ ಸ್ವಲ್ಪ ಭಾರಕ್ಕೇ ಕಿರ್ ಎಂದು ಮೋಟಾರ್ ನಿಲ್ಲುತ್ತದೆ, ಉರುಳೆಯ ಮೇಲೆ ದೊಡ್ಡ ಗಾಯ. ಅಡಿಟಿವ್ ಬೆರೆಸಿದ ಕೂಡಲೇ ಸನ್ನೆಗೋಲಿಗೆ ಜೋತುಬಿದ್ದರೂ ಮೋಟಾರ್ ನಿಲ್ಲುವುದಿಲ್ಲ. ನೋಡಿದವರಿಗೆ ನಂಬದೇ ಬೇರೆ ದಾರಿಯೇ ಇಲ್ಲ ಅನ್ನಿಸುತ್ತದೆ.

ಯಂತ್ರ ಸುಳ್ಳು ಹೇಳುತ್ತಿಲ್ಲ. ಅದು ಅಳೆಯುತ್ತಿರುವುದು ವಿಪರೀತ ಒತ್ತಡವನ್ನು. ಒಂದೇ ಒಂದು ಗೆರೆಯಷ್ಟು ಜಾಗದಲ್ಲಿ, ಎಣ್ಣೆಯ ಪದರ ನಿಲ್ಲಲು ಬಿಡದೆ, ಲೋಹವನ್ನು ಲೋಹಕ್ಕೆ ಒತ್ತುವ ಪರೀಕ್ಷೆ ಅದು. ಕ್ಲೋರಿನ್ ಸಂಯುಕ್ತಗಳು ಇಲ್ಲಿ ಅದ್ಭುತವಾಗಿ ಗೆಲ್ಲುತ್ತವೆ. ಕ್ಲೋರಿನ್ ಆ ಕ್ಷಣದ ಬಿಸಿಗೆ ಉಕ್ಕಿನೊಡನೆ ಸೇರಿ ಜಾರುವ ಪದರ ಕಟ್ಟುತ್ತದೆ. ಅದೇ ಕ್ಲೋರಿನ್ ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿದ್ದು ಬೇರಿಂಗ್‌ಗೆ ಏನು ಮಾಡುತ್ತದೆ ಎನ್ನುವುದು ಐದು ನಿಮಿಷದ ಪ್ರಾತ್ಯಕ್ಷಿಕೆಯಲ್ಲಿ ಕಾಣುವುದಿಲ್ಲ. ಗೇರ್ ಆಯಿಲ್ ಕೂಡ ಈ ಯಂತ್ರದ ಮೇಲೆ ಎಂಜಿನ್ ಆಯಿಲನ್ನು ಸೋಲಿಸುತ್ತದೆ. ಹಾಗಂತ ಯಾರೂ ಎಂಜಿನ್‌ಗೆ ಗೇರ್ ಆಯಿಲ್ ಹಾಕುವುದಿಲ್ಲ.

ಜಾಹೀರಾತುಗಳ ಕತೆ ಅಮೆರಿಕದಲ್ಲಿ ಚೆನ್ನಾಗಿ ದಾಖಲಾಗಿದೆ. ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಲವು ಅಡಿಟಿವ್ ಕಂಪನಿಗಳ ಮೇಲೆ ಕ್ರಮ ಕೈಗೊಂಡಿದೆ. ಎಸ್‌ಟಿಪಿ 1978ರಲ್ಲಿ 5 ಲಕ್ಷ ಡಾಲರ್ ದಂಡ ಕಟ್ಟಿತು. 1996ರಲ್ಲಿ ಪಿಟಿಎಫ್‌ಇ ಇರುವ ಸ್ಲಿಕ್ 50 ಮೇಲೆ ದೂರು ದಾಖಲಾಯಿತು. ಈ ಬಾಟಲಿ ಹಾಕದಿದ್ದರೆ ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ರಕ್ಷಣೆಯೇ ಇರುವುದಿಲ್ಲ ಎಂಬ ಅವರ ಮಾತು ಸುಳ್ಳು, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿದ ಎಂಜಿನ್‌ಗೆ ಆಗಲೂ ಸಾಕಷ್ಟು ರಕ್ಷಣೆ ಇರುತ್ತದೆ ಎಂಬುದು ಕಮಿಷನ್‌ನ ವಾದವಾಗಿತ್ತು. 1997ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಝೀಮ್ಯಾಕ್ಸ್ ಮೇಲಿನ 2001ರ ಮೊಕದ್ದಮೆ ಇನ್ನೂ ಗಂಭೀರ. ಕಂಪನಿ ತಾನೇ ಮಾಡಿಸಿದ ಪರೀಕ್ಷೆಯಲ್ಲಿ ಅಡಿಟಿವ್ ಬೆರೆಸಿದ ಆಯಿಲ್‌ನಲ್ಲಿ ಬೇರಿಂಗ್ ಕೊರೆತ ಬರೀ ಆಯಿಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಬಂದಿತ್ತು, ಆ ಫಲಿತಾಂಶವನ್ನು ಬಿಟ್ಟು ಉಳಿದದ್ದನ್ನು ಜಾಹೀರಾತಿಗೆ ಬಳಸಿದ್ದಾರೆ ಎಂಬುದು ಕಮಿಷನ್‌ನ ಆರೋಪ. ಅದೂ 2003ರಲ್ಲಿ ರಾಜಿಯಾಯಿತು. ಇವೆಲ್ಲ ಹಳೆಯವು, ಆಗಿನ ಪದಾರ್ಥಗಳೂ ಈಗ ಹಾಗೇ ಇರಬೇಕಿಲ್ಲ. ಆದರೆ ಬಾಟಲಿಯ ಮೇಲೆ ಶೇಕಡಾವಾರು ಲೆಕ್ಕ ಕಂಡಾಗ ಯಾವ ಪರೀಕ್ಷೆ, ಯಾವ ಎಂಜಿನ್, ಯಾವುದಕ್ಕೆ ಹೋಲಿಸಿ ಎಂದು ಕೇಳುವುದನ್ನು ಇವು ಕಲಿಸುತ್ತವೆ.

ನಿಮ್ಮ ಕಾರಿಗೆ ಯಾವುದು

ಹೊಸ ಕಾರು, ವಾರಂಟಿ ಇನ್ನೂ ಇದೆ: ಏನೂ ಬೇಡ. ಹೋಂಡಾ ತನ್ನ ಮ್ಯಾನ್ಯುಯಲ್‌ಗಳಲ್ಲಿ ಆಯಿಲ್ ಅಡಿಟಿವ್ ಬೇಕಿಲ್ಲ, ಅದರಿಂದ ಎಂಜಿನ್‌ಗೆ ತೊಂದರೆಯಾಗಬಹುದು ಎಂದೇ ಬರೆಯುತ್ತದೆ. ಜನರಲ್ ಮೋಟಾರ್ಸ್ ಆಯಿಲ್‌ಗೆ ಏನನ್ನೂ ಸೇರಿಸಬೇಡಿ ಎನ್ನುತ್ತದೆ. ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೆ ಎಂದು ಒಮ್ಮೆ ತೆಗೆದು ನೋಡಿ.

ಟರ್ಬೊ ಇರುವ, ಸಿಲಿಂಡರ್ ಒಳಕ್ಕೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್: ಇಲ್ಲಿ ನಾನು ಇನ್ನಷ್ಟು ಖಡಾಖಂಡಿತ. ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಭಾರ ಬಿದ್ದಾಗ, ಸಿಲಿಂಡರ್ ಗೋಡೆಯಿಂದ ಹಾರಿದ ಆಯಿಲ್ ಮತ್ತು ಪೆಟ್ರೋಲ್‌ನ ಹನಿಗಳು ಸ್ಪಾರ್ಕ್‌ಗೆ ಮುಂಚೆಯೇ ಹೊತ್ತಿಕೊಳ್ಳಬಹುದು. ಇದನ್ನು ಎಲ್‌ಎಸ್‌ಪಿಐ ಎನ್ನುತ್ತಾರೆ. ಒಂದೇ ಜೋರಾದ ಹೊಡೆತಕ್ಕೆ ಪಿಸ್ಟನ್ ಬಿರುಕು ಬಿಟ್ಟ ಉದಾಹರಣೆಗಳಿವೆ. ಆಯಿಲ್‌ನ ಕ್ಯಾಲ್ಸಿಯಂ ಡಿಟರ್ಜೆಂಟ್ ಇದಕ್ಕೆ ಕುಮ್ಮಕ್ಕು ಕೊಡುತ್ತದೆ, ಮೆಗ್ನೀಸಿಯಂ ಕೊಡುವುದಿಲ್ಲ ಎಂದು ಗೊತ್ತಾದ ಮೇಲೆ ಆಯಿಲ್ ಕಂಪನಿಗಳು ಪಾಕವನ್ನೇ ಬದಲಿಸಿದವು. 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳಲ್ಲಿ ಇದಕ್ಕೆಂದೇ ಪರೀಕ್ಷೆ ಬಂತು. ಅಷ್ಟು ಕಷ್ಟಪಟ್ಟು ಇಳಿಸಿದ ಕ್ಯಾಲ್ಸಿಯಂ ಅನ್ನು ಯಾವುದೋ ಬಾಟಲಿಯಿಂದ ಮತ್ತೆ ಏರಿಸುವುದು ಬೇಡ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್: ಫಿಲ್ಟರ್‌ನಲ್ಲಿ ಸಿಕ್ಕಿಕೊಂಡ ಮಸಿಯನ್ನು ಎಂಜಿನ್ ಆಗಾಗ ಸುಟ್ಟು ಹಾಕುತ್ತದೆ. ಆದರೆ ಸತು, ಕ್ಯಾಲ್ಸಿಯಂನಂಥ ಲೋಹದ ಬೂದಿ ಸುಡುವುದಿಲ್ಲ, ಅಲ್ಲೇ ಉಳಿಯುತ್ತದೆ. ಈ ಕಾರುಗಳಿಗೆ ಕಡಿಮೆ ಬೂದಿಯ, ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಗೊತ್ತುಮಾಡಿದ ಸಿ ದರ್ಜೆಯ ಆಯಿಲ್ ಹೇಳುವುದೇ ಇದಕ್ಕೆ. ಲೋಹ ಇರುವ ಅಡಿಟಿವ್ ಸುರಿದರೆ ದುಬಾರಿ ಫಿಲ್ಟರ್‌ನ ಆಯಸ್ಸು ಕಡಿಮೆಯಾಗುತ್ತದೆ.

ಲಕ್ಷ ಕಿಲೋಮೀಟರ್ ದಾಟಿದ, ಆದರೆ ಚೆನ್ನಾಗಿಯೇ ಓಡುತ್ತಿರುವ ಕಾರು: ಅಡಿಟಿವ್‌ನ ಆಸೆ ಹೆಚ್ಚಾಗುವುದು ಇಲ್ಲಿಯೇ. ಏನಾದರೂ ವಿಶೇಷ ಮಾಡಬೇಕು ಅನ್ನಿಸಿದರೆ ಹೈ ಮೈಲೇಜ್ ಎಂದು ಬರೆದ ಆಯಿಲ್ ನೋಡಿ. ಸಾಮಾನ್ಯವಾಗಿ 75,000 ಮೈಲಿ, ಅಂದರೆ ಸುಮಾರು 1,20,000 ಕಿಲೋಮೀಟರ್ ದಾಟಿದ ಕಾರುಗಳಿಗೆಂದು ಮಾಡಿದ್ದು. ಗಟ್ಟಿಯಾದ ರಬ್ಬರ್ ಸೀಲ್‌ಗಳನ್ನು ಮೆದು ಮಾಡುವ ಪದಾರ್ಥ ಇದರಲ್ಲಿ ಸೇರಿರುತ್ತದೆ. ಬಾಟಲಿಯಲ್ಲಿ ಸಿಗುವುದೇ ಇಲ್ಲಿ ಪರೀಕ್ಷೆಯಾದ ಮಿಶ್ರಣವಾಗಿ ಸಿಗುತ್ತದೆ. ನನ್ನ ಮಟ್ಟಿಗೆ ಅಡಿಟಿವ್‌ಗಿಂತ ಇದು ಯಾವಾಗಲೂ ಮೇಲು.

ಆಯಿಲ್ ಕುಡಿಯುವ ಕಾರು: ಎಷ್ಟು ಕುಡಿಯುತ್ತಿದೆ ಎಂದು ಮೊದಲು ಅಳೆಯಿರಿ. 1,000 ಕಿಲೋಮೀಟರ್‌ಗೆ ಅರ್ಧ ಲೀಟರ್‌ವರೆಗೂ ಸಹಜ ಎನ್ನುವ ತಯಾರಕರಿದ್ದಾರೆ. ಅದಕ್ಕಿಂತ ಜಾಸ್ತಿಯಾದರೆ ಕಾರಣ ಹುಡುಕಬೇಕು. ರಾತ್ರಿಯೆಲ್ಲ ನಿಂತಿದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಟುಕು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಗಟ್ಟಿಯಾದ ಸೀಲ್ ಆಗಿದ್ದರೆ ಸೀಲ್ ಮೆದು ಮಾಡುವ ಆಯಿಲ್‌ನಿಂದ ಸ್ವಲ್ಪ ಗುಣ ಕಾಣಬಹುದು. ಏರಿನಲ್ಲಿ ಒತ್ತಿದಾಗ ನೀಲಿ ಹೊಗೆ ಬಂದರೆ ರಿಂಗ್. ರಿಂಗ್ ಕರಕಿಗೆ ಅಂಟಿಕೊಂಡಿದ್ದರೆ ಒಳ್ಳೆಯ ಡಿಟರ್ಜೆಂಟ್ ಆಯಿಲ್ ಹಾಕಿ ಬೇಗ ಬೇಗ ಬದಲಾಯಿಸಿದರೆ ಕೆಲವು ಸಲ ಬಿಡುತ್ತದೆ. ಸವೆದಿದ್ದರೆ ಯಾವ ದ್ರವವೂ ಲೋಹವನ್ನು ಮತ್ತೆ ಬೆಳೆಸುವುದಿಲ್ಲ. ಇವೆರಡಕ್ಕೂ ಮುಂಚೆ ನೋಡಬೇಕಾದದ್ದು ಪಿಸಿವಿ ವಾಲ್ವ್. ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಈ ಸಣ್ಣ ಭಾಗ ಕಟ್ಟಿಕೊಂಡರೂ ಆಯಿಲ್ ಖರ್ಚಾಗುತ್ತದೆ, ಸೀಲ್‌ಗಳಿಂದ ಸೋರುತ್ತದೆ. ಬಹಳಷ್ಟು ಕಾರುಗಳಲ್ಲಿ ಇದನ್ನು ಬದಲಾಯಿಸುವುದು ಸಣ್ಣ ಕೆಲಸ. ಯಾರೂ ಇದರ ಜಾಹೀರಾತು ಮಾಡುವುದಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಸೋರಿಕೆ: ಸ್ಟಾಪ್ ಲೀಕ್ ಬಾಟಲಿಗಳು ಸೀಲ್ ಉಬ್ಬಿಸುತ್ತವೆ. ಒಣಗಿ ಕುಗ್ಗಿದ ಸೀಲ್‌ನ ಸಣ್ಣ ಜಿನುಗಿಗೆ ತಾತ್ಕಾಲಿಕವಾಗಿ ಆದೀತು. ಹರಿದ ಸೀಲ್‌ಗೆ, ಒಡೆದ ಗ್ಯಾಸ್ಕೆಟ್‌ಗೆ ಆಗುವುದಿಲ್ಲ. ಚೆನ್ನಾಗಿರುವ ಸೀಲ್‌ಗಳೂ ಜೊತೆಗೆ ಉಬ್ಬಿ ಮೆದುವಾಗುತ್ತವೆ ಎನ್ನುವುದನ್ನು ಮರೆಯಬೇಡಿ.

ಟಿಕ್ ಟಿಕ್ ಸದ್ದು: ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆಯಿದ್ದರೂ ಟ್ಯಾಪೆಟ್ ಸದ್ದು ಮಾಡುತ್ತದೆ. ಆಯಿಲ್‌ನಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್‌ನಲ್ಲಿ ಕೊಳೆ ಸಿಕ್ಕಿದ್ದರೆ ಹೊಸ ಆಯಿಲ್ ಹಾಕಿ ಕೆಲವು ದಿನ ಓಡಿಸಿದ ಮೇಲೆ ಸದ್ದು ಹೋಗುವುದುಂಟು. ಇನ್ನು ನೇರವಾಗಿ ಇಂಧನ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇಂಜೆಕ್ಟರ್‌ಗಳೇ ಟಿಕ್ ಟಿಕ್ ಎನ್ನುತ್ತವೆ. ಅದು ರೋಗವೇ ಅಲ್ಲ.

ಒಂದು ಕಡೆ ಮಾತ್ರ ನಾನು ಅಡಿಟಿವ್ ಪರ ವಾದಿಸುತ್ತೇನೆ. ಚಪ್ಪಟೆ ಟ್ಯಾಪೆಟ್ ಇರುವ ಹಳೆಯ ಕಾಲದ ಎಂಜಿನ್‌ಗಳು. ಕ್ಯಾಮ್ ಅಲ್ಲಿ ಉರುಳದೆ ಉಜ್ಜುತ್ತದೆ, ಸ್ಪ್ರಿಂಗ್ ಒತ್ತಡವೂ ಜಾಸ್ತಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ರಂಜಕ ವಿಷವಾದ್ದರಿಂದ 2004ರಿಂದ 5ಡಬ್ಲ್ಯು-30ರಂಥ ದರ್ಜೆಗಳಲ್ಲಿ ರಂಜಕವನ್ನು 800 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ 800 ಪಾಲು) ಮಿತಿ ಮಾಡಿದ್ದಾರೆ. ಇಂದಿನ ಎಂಜಿನ್‌ಗಳಿಗೆ ಅಷ್ಟು ಸಾಕು, ಆ ಹಳೆಯ ಕ್ಯಾಮ್‌ಗಳಿಗೆ ಸಾಲದು. ಅಂಥ ಕಾರಿಗೆ ಝೆಡ್‌ಡಿಡಿಪಿ ಬಾಟಲಿಗೆ ಅರ್ಥವಿದೆ, ಅದರಲ್ಲೂ ಹೊಸ ಕ್ಯಾಮ್ ಕೂರಿಸಿದಾಗ. ಕ್ಲಾಸಿಕ್ ಕಾರುಗಳಿಗೆಂದೇ ಮಾಡಿದ, ಸತು ಜಾಸ್ತಿ ಇರುವ ಆಯಿಲ್ ಸಿಕ್ಕರೆ ಅದು ಇನ್ನೂ ಸಲೀಸು. ಅಳತೆ ಮೀರಬಾರದು, ಯಾಕೆಂದರೆ ಝೆಡ್‌ಡಿಡಿಪಿ ವಿಪರೀತವಾದರೆ ಅದೇ ಲೋಹವನ್ನು ಕೊರೆಯುತ್ತದೆ.

ಫ್ಲಶ್ ಮಾಡಿಸುವುದೋ, ಬೇಗ ಬದಲಾಯಿಸುವುದೋ

ಹಳೆಯ ಆಯಿಲ್ ಇಳಿಸುವ ಮುಂಚೆ ಸುರಿದು ಐದು ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸುವ ಫ್ಲಶ್ ಬಹುಪಾಲು ತೆಳ್ಳಗಿನ ದ್ರಾವಕ. ಸ್ವಚ್ಛ ಎಂಜಿನ್‌ಗೆ ಇದರ ಅಗತ್ಯವಿಲ್ಲ. ಮಡ್ಡಿ ತುಂಬಿದ ಎಂಜಿನ್‌ಗೆ ಅಪಾಯ: ಎದ್ದ ಚೂರುಗಳು ಆಯಿಲ್ ಪಂಪ್‌ನ ಜಾಲರಿಗೆ ಹೋಗಿ ಕೂತರೆ ಬೇರಿಂಗ್‌ಗೆ ಎಣ್ಣೆಯೇ ಸಿಗದು. ಹಾಗಾಗಿ ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಕಂದು ಬಣ್ಣದ ತೆಳು ಲೇಪ ಕಂಡರೆ ಚಿಂತೆ ಬೇಡ. ಬೆರಳಿಗೆ ದಪ್ಪ ಕಪ್ಪು ಗೊಜ್ಜಿನಂತೆ ಬಂದರೆ ಒಳ್ಳೆಯ ಆಯಿಲ್ ಹಾಕಿ, ಅರ್ಧದಷ್ಟು ದೂರಕ್ಕೇ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಾಯಿಸುತ್ತ ಬನ್ನಿ. ನಿಧಾನವಾಗಿ ಕರಗುತ್ತದೆ. ತುಂಬಾ ಕೆಟ್ಟಿದ್ದರೆ ಮೆಕ್ಯಾನಿಕ್ ಕೈಲಿ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿಸಿ ಜಾಲರಿ ತೊಳೆಸಿ.

ಆದರೂ ಹಾಕಿ ನೋಡಬೇಕು ಎಂದರೆ

ಬಾಟಲಿಯಷ್ಟು ಆಯಿಲ್ ಕಡಿಮೆ ಹಾಕಿ. ಮಟ್ಟ ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಾದ ಎಣ್ಣೆ ಬೇರಿಂಗ್ ಕಾಪಾಡುವುದಿಲ್ಲ. ಒಂದೇ ಸಲಕ್ಕೆ ಎರಡು ಬಗೆಯ ಅಡಿಟಿವ್ ಬೆರೆಸಬೇಡಿ.

ಫಲ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ ಆಗುವುದಿಲ್ಲ. ಹೊಸ ಆಯಿಲ್ ಹಾಕಿದರೇ ಎಂಜಿನ್ ನುಣುಪಾಗಿ ಓಡುತ್ತದೆ, ಆ ಶ್ರೇಯ ಬಾಟಲಿಗೆ ಹೋಗಿಬಿಡುತ್ತದೆ. ಆಯಿಲ್ ಖರ್ಚಿನ ಲೆಕ್ಕವಾದರೆ ಹೀಗೆ ಮಾಡಿ: ಸಮತಟ್ಟಾದ ಜಾಗದಲ್ಲಿ, ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಮೀಟರ್ ಓದು ಬರೆದಿಡಿ. 1,000 ಕಿಲೋಮೀಟರ್ ಓಡಿದ ಮೇಲೆ ಅದೇ ಜಾಗ, ಅದೇ ಹೊತ್ತು. ಮೊದಲಿನ ಗುರುತಿಗೆ ತರಲು ಎಷ್ಟು ಮಿಲಿಲೀಟರ್ ಬೇಕಾಯಿತು ಎನ್ನುವುದೇ ಖರ್ಚು. ಅಡಿಟಿವ್ ಇಲ್ಲದೆ ಒಂದು ಸುತ್ತು, ಹಾಕಿ ಒಂದು ಸುತ್ತು, ಆಯಿಲ್ ಮಾತ್ರ ಅದೇ ಇರಲಿ.

ಸವೆತವನ್ನೇ ಅಳೆಯಬೇಕೆಂದರೆ ಲ್ಯಾಬ್‌ಗೆ ಬಳಸಿದ ಆಯಿಲ್‌ನ ಮಾದರಿ ಕಳಿಸುವ ವ್ಯವಸ್ಥೆ ಇದೆ. ಕಬ್ಬಿಣ, ತಾಮ್ರ, ಸೀಸ ಎಷ್ಟು ಪಿಪಿಎಂ ಇದೆ, ಗಟ್ಟಿತನ ಎಷ್ಟು ಉಳಿದಿದೆ, ಆಮ್ಲ ತಡೆಯುವ ಶಕ್ತಿ ಎಷ್ಟಿದೆ ಎಂದು ವರದಿ ಬರುತ್ತದೆ. ಕಬ್ಬಿಣ ಜಾಸ್ತಿ ಬಂದರೆ ಸಿಲಿಂಡರ್, ಕ್ಯಾಮ್ ಕಡೆ ನೋಡಬೇಕು. ತಾಮ್ರ, ಸೀಸ ಬೇರಿಂಗ್ ಕಡೆ ಬೊಟ್ಟು ಮಾಡುತ್ತವೆ. ಮಾದರಿಯನ್ನು ಎಂಜಿನ್ ಬಿಸಿಯಿದ್ದಾಗ, ಆಯಿಲ್ ಇಳಿಸುವಾಗ ಮೊದಲ ಧಾರೆ ಬಿಟ್ಟು ನಡುವಿನ ಧಾರೆಯಿಂದ ಹಿಡಿಯಿರಿ. ತಳದಲ್ಲಿ ಕೂತ ಕೊಳೆ ಮೊದಲೇ ಬಂದುಬಿಡುವುದರಿಂದ ಲೆಕ್ಕ ತಪ್ಪುತ್ತದೆ.